ದಿಬ್ಬವನ್ನು ಹಳ್ಳ ಮಾಡಿದ ನಕ್ಷೆ

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಮುದ್ರದ ದಂಡೆ ಎಂದರೆ ನೀರು ಮುಗಿಯುವ ಜಾಗ ಎಂದು ನಿಮಗೆ ತರಬೇತಿಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದರೆ, ಹಾಗೆ ಹೇಳಿಕೊಟ್ಟವರು ದಂಡೆಗೆ ಹೋದವರಲ್ಲ ಎಂದು ತಿಳಿಯಿರಿ. ನೀರು ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ. ಹುಣ್ಣಿಮೆಗೆ ಒಂದು ಕಡೆ ನಿಂತರೆ ಮಳೆಗಾಲದಲ್ಲಿ ಇನ್ನೊಂದು ಕಡೆ ನಿಲ್ಲುತ್ತದೆ. ಎಲ್ಲಿಯವರೆಗೆ ಅದರ ಹಕ್ಕು, ಎಲ್ಲಿಂದ ಮನುಷ್ಯನ ಹಕ್ಕು ಎಂದು ಒಂದು ಗೆರೆ ಎಳೆಯುವುದು ನಮ್ಮ ಕೆಲಸ. ಆ ಗೆರೆ ಕಾಗದದ ಮೇಲೆ ಒಂದು ಬೆರಳಿನಷ್ಟು ಸರಿದರೆ ಅಲ್ಲಿ ಒಂದು ಕೇರಿಯೇ ನೀರಿನೊಳಗೆ ಹೋಗುತ್ತದೆ. ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಎಂಟನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವನು. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ಕಚೇರಿಯಲ್ಲಿ ಇದ್ದಷ್ಟು ವರ್ಷವೂ ಬೇರೆಯವರು ನನ್ನ ಪರವಾಗಿ ನಾಚಿಕೊಂಡಿದ್ದಾರೆ, ಅದು ಸಾಕು. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅದರಿಂದ ನಿಮಗೇನೂ ಉಪಯೋಗವಿಲ್ಲ.

ನಮ್ಮ ಸರ್ವೇ ಕಚೇರಿಯ ಶಾಖೆ ಇದ್ದದ್ದು ಹುಬ್ಬಳ್ಳಿಯಲ್ಲಿ, ದೇಶಪಾಂಡೆ ನಗರದ ಒಂದು ಬಾಡಿಗೆ ಕಟ್ಟಡದ ಮೇಲಂತಸ್ತಿನಲ್ಲಿ. ಸಮುದ್ರ ನೋಡಬೇಕೆಂದರೆ ಬೆಳಿಗ್ಗೆ ಬಸ್ಸು ಹತ್ತಿ ಘಟ್ಟ ಇಳಿಯಬೇಕು. ಓಣಿಯ ಜನಕ್ಕೆ ನಾವೊಂದು ನಗೆಚಾಟಿಕೆ. ಕೆಳಗಿನ ಚಹಾದ ಅಂಗಡಿಯವನು ದಿನಾ ಕೇಳುತ್ತಿದ್ದ:

"ಏನ್ರಿ ದಾವಲಸಾಬ್ರ, ಇವತ್ತ ಸಮುದ್ರ ಎಲ್ಲೀತನಾ ಬಂದಿತ್ರಿ? ಉಣಕಲ್ಲ ಕೆರಿ ದಾಟೇತೇನು?"

"ನಿನ್ನ ಚಹಾದಾಗ ಬಂದೈತಿ. ಉಪ್ಪು ಆಗೈತಿ ನೋಡ" ಎಂದು ನಾನೂ ಬಿಡುತ್ತಿರಲಿಲ್ಲ.

ವಿಮಾನದಿಂದ ತೆಗೆದ ಫೋಟೋಗಳು ಡಬ್ಬಿಗಳಲ್ಲಿ ನಮ್ಮ ಕಚೇರಿಗೆ ಬರುತ್ತಿದ್ದವು. ಒಂದೊಂದೂ ಒಂದು ಗೇಣು ಅಗಲ, ಕಪ್ಪು ಬಿಳುಪು. ಆ ಡಬ್ಬಿಗಳ ಒಳಗೆ ಇಡೀ ಕರಾವಳಿ ಇತ್ತು. ಅದನ್ನು ನಾವು ಬಯಲುಸೀಮೆಯಲ್ಲಿ ಕುಳಿತು ಗೆರೆ ಗೆರೆಯಾಗಿ ಎಳೆಯುತ್ತಿದ್ದೆವು.

ಅಲ್ಲಿಗೆ ನಾನು ಹೋಗಿ ಬಿದ್ದದ್ದು ಗಡಿಯಾರದ ದೆಸೆಯಿಂದ. ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಅಬ್ಬಾಜಾನರದ್ದು ಗಡಿಯಾರ ರಿಪೇರಿಯ ಅಂಗಡಿ. ಅವರ ಕೈ ನಡುಗಲು ಶುರುವಾದಾಗ ನಾನು ಸಾಲಿ ಬಿಟ್ಟು ಅವರ ಸ್ಟೂಲಿನ ಮೇಲೆ ಕುಳಿತೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೆಲಸ. ನಾಲ್ಕೈದು ವರ್ಷ ಹಾಗೆ ನಡೆಯಿತು. ಒಂದು ದಿನ ಹಿರೇಮಠ ಸಾಹೇಬರು ಎಂಬುವರು ನಿಂತುಹೋದ ವಾಚು ತಂದರು. ಆ ಕಚೇರಿಯಲ್ಲಿ ಹಿರಿಯ ಸರ್ವೇಯರ್. ನನ್ನ ಕೈಯನ್ನೇ ನೋಡುತ್ತ ನಿಂತು ಕೇಳಿದರು:

"ಕಣ್ಣ ಛಲೋ ಅದಾವಲ್ಲೋ ತಮ್ಮಾ. ನಮ್ಮ ಆಫೀಸಿಗೆ ಬರ್ತೀಯೇನು?"

"ಏನ್ ಕೆಲಸರಿ?"

"ನೋಡೂ ಕೆಲಸ."

"ನೋಡೂದಕ್ಕ ಪಗಾರ ಕೊಡ್ತಾರೇನ್ರಿ?"

"ಕೊಡ್ತಾರ. ಆದ್ರ ನೋಡಿದ್ದನ್ನ ನೋಡಿದಂಗ ಹೇಳಬೇಕು. ಅದು ಭಾಳ ಮಂದಿಗೆ ಆಗಂಗಿಲ್ಲ."

ಖಲಾಸಿ ಎಂದು ಸೇರಿಸಿಕೊಂಡರು. ಖಲಾಸಿ ಎಂದರೆ ಗೂಟ ಹೊರುವವನು, ಬಾವುಟ ಹಿಡಿಯುವವನು. ಆದರೆ ಮೊದಲ ದಿನವೇ ಹಿರೇಮಠರು ನನ್ನನ್ನು ಸ್ಟೀರಿಯೋಸ್ಕೋಪಿನ ಮುಂದೆ ಕೂರಿಸಿದರು. ಕಂಪ್ಯೂಟರಿನಲ್ಲಿ ಕಲಿತ ನಿಮಗೆ ಅದು ಗೊತ್ತಿರಲಿಕ್ಕಿಲ್ಲ. ನಾಲ್ಕು ಕಾಲಿನ ಸಣ್ಣ ಸ್ಟ್ಯಾಂಡು, ಅದರಲ್ಲಿ ಎರಡು ಮಸೂರ. ವಿಮಾನ ಮುಂದೆ ಹೋಗುತ್ತ ಒಂದೇ ಜಾಗದ ಎರಡು ಫೋಟೋ ತೆಗೆದಿರುತ್ತದೆ. ಎಡಗಡೆಯದನ್ನು ಎಡಗಣ್ಣಿಗೆ, ಬಲಗಡೆಯದನ್ನು ಬಲಗಣ್ಣಿಗೆ ಇಟ್ಟು ನೋಡಬೇಕು. ಮೊದಲು ಎಲ್ಲವೂ ಎರಡೆರಡು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಎರಡೂ ಕೂಡಿಕೊಂಡು, ಚಪ್ಪಟೆ ಕಾಗದದಿಂದ ಗುಡ್ಡ ಎದ್ದು ಬರುತ್ತದೆ. ನನಗೆ ಎಷ್ಟು ಜೋರಾಗಿ ಎದ್ದು ಬಂತೆಂದರೆ ಮೂಗಿಗೆ ಬಡಿದೀತು ಎಂದು ತಲೆ ಹಿಂದಕ್ಕೆ ಎಳೆದುಕೊಂಡೆ.

ಹಿರೇಮಠರು ನಕ್ಕು, ಎರಡೂ ಫೋಟೋಗಳನ್ನು ಅದಲು ಬದಲು ಮಾಡಿದರು. "ಈಗ ನೋಡು."

ಗುಡ್ಡ ಇದ್ದಲ್ಲಿ ಗುಂಡಿ ಬಿದ್ದಿತ್ತು. ಹೊಳೆ ಗೋಡೆಯ ಹಾಗೆ ಮೇಲೆದ್ದಿತ್ತು. ಎಡ ಬಲ ತಪ್ಪಿದರೆ ಏರೆಲ್ಲ ಇಳಿವು, ಇಳಿವೆಲ್ಲ ಏರು.

"ತಿಳೀತಿಲ್ಲೋ? ಇನ್ನೊಂದು ತಿಳಕೋ. ಈ ಎದ್ದು ಬರೂದು ಎಲ್ಲಾರಿಗೂ ಕಾಣಂಗಿಲ್ಲ. ಕೆಲವರಿಗೆ ಹುಟ್ಟಾ ಕಾಣಂಗಿಲ್ಲ, ಅದೇನ್ ಅವರ ತಪ್ಪಲ್ಲ. ಆದ್ರ ಅವರು ಹಂಗಂತ ಬಾಯಿಬಿಟ್ಟು ಹೇಳಂಗಿಲ್ಲ, ಕಾಣತೈತಿ ಅಂತಾರ. ಅಂಥವರ ಕೂಡ ಹುಷಾರ್ ಇರು."

ನನ್ನ ಮೊದಲ ದಂಡೆ ಅಂಕೋಲೆಯ ಕಡೆಯ ಒಂದು ಮೀನುಗಾರರ ಕೇರಿ. ಕೇರಿಯ ಹೆಸರು ಬರೆಯುವುದಿಲ್ಲ, ಅವರಿಗೆ ಈಗಾಗಲೇ ಬೇಕಾದಷ್ಟು ಉಪದ್ರವ ಆಗಿದೆ. ಮುಂದೆ ಸಮುದ್ರ, ಹಿಂದೆ ತೆಂಗು ಬೆಳೆದ ಉದ್ದನೆಯ ಮರಳು ದಿಬ್ಬ, ನಡುವೆ ಮನೆಗಳು. ಇಪ್ಪತ್ತು ದಿನ ಅಲ್ಲಿಯೇ ಇದ್ದೆವು. ಹುಣ್ಣಿಮೆಯ ಉಬ್ಬರದ ನೀರು ಬಿಟ್ಟುಹೋದ ಕಸದ ಗೆರೆ ನೋಡಿ ಗೂಟ ಹೊಡೆಯುವುದು, ಗೂಟದ ಜಾಗವನ್ನು ಫೋಟೋದಲ್ಲಿ ಗುರುತು ಹಿಡಿದು ಸೂಜಿಯಿಂದ ಚುಚ್ಚುವುದು, ಫೋಟೋದ ಬೆನ್ನಿಗೆ ಅಲ್ಲಿ ಏನಿದೆ ಎಂದು ಬರೆಯುವುದು. ಚುಚ್ಚಿದ ತೂತು ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಿರಬೇಕು. ವಾಚಿನ ಕೆಲಸ ಮಾಡಿದ ಕೈಗೆ ಅದು ಹೂವೆತ್ತಿದಷ್ಟು ಸುಲಭ. ಅದೇ ನನ್ನ ತಲೆಗೇರಿತು.

ಒಂದು ದಿನ ಹಿರೇಮಠರು ಇಲ್ಲದಾಗ ದಂಡೆಯ ಕರಿಬಂಡೆಯೊಂದರ ಮೇಲೆ ನಿಂತು, ಫೋಟೋದಲ್ಲಿ ಅದೇ ಜಾಗದಲ್ಲಿದ್ದ ಕಪ್ಪು ಚುಕ್ಕೆಗೆ ಚುಚ್ಚಿ, ಬೆನ್ನಿಗೆ "ಕರೀ ಬಂಡೆ" ಎಂದು ಬರೆದೆ. ಅವರು ಬಂದವರೇ ಮಸೂರ ಇಟ್ಟು ನೋಡಿದರು.

"ದಾವಲಾ, ಬಂಡಿಗಲ್ಲಿಗೆ ನೆರಳು ಎರಡೂ ತುದಿಗೆ ಚೂಪ ಇರತೈತೇನು?"

"ಇಲ್ಲರಿ."

"ಮತ್ತ ಇದಕ್ಕೈತಿ. ನೀ ಚುಚ್ಚಿದ್ದು ದೋಣಿಗೆ. ಫೋಟೋ ತಗದ ದಿನ ಇಲ್ಲಿ ದೋಣಿ ಎಳದು ನಿಲ್ಲಿಸಿದ್ರು. ಈಗ ಅದು ಎಲ್ಲೈತೋ, ಹೋಗಿ ಸಮುದ್ರದಾಗ ಹುಡುಕಿ ಅದರ ಮ್ಯಾಲ ಗೂಟ ಹೊಡದ ಬಾ."

ಬೈಗುಳ ಅಷ್ಟೇ. ಆದರೆ ಆ ಒಂದು ತೂತಿನಿಂದ ಅಕ್ಕಪಕ್ಕದ ಅಳತೆಯೆಲ್ಲ ಓರೆಯಾಗಿತ್ತು. ನಾಲ್ಕು ದಿನದ ಕೆಲಸ ಮತ್ತೆ ಮೊದಲಿನಿಂದ ಮಾಡಿದೆವು. ಅವತ್ತಿನಿಂದ ಫೋಟೋದಲ್ಲಿ ಕಂಡದ್ದನ್ನು ಕಾಲಿಂದ ಮುಟ್ಟದೆ ನಾನು ಬರೆದವನಲ್ಲ.

ಅದೇ ಕೇರಿಯಲ್ಲಿ ಇನ್ನೊಂದು ನಡೆಯಿತು. ಬೆಳಿಗ್ಗೆ ನೋಡಿದರೆ ನಾವು ಹಿಂದಿನ ದಿನ ಹೊಡೆದ ಮೂರು ಗೂಟಗಳು ಕಿತ್ತು, ನಾಲ್ಕು ಹೆಜ್ಜೆ ಮೇಲಕ್ಕೆ, ಒಂದು ಮನೆಯ ಅಂಗಳಕ್ಕೆ ಹತ್ತಿಕೊಂಡು ನಿಂತಿದ್ದವು. ಮಕ್ಕಳ ಕಿತಾಪತಿ ಎಂದು ನಾನು ಕೂಗಾಡಿದೆ. ಆ ಮನೆಯ ಸೊಸೆ ಮೀನಿನ ಬುಟ್ಟಿ ಇಳಿಸಿ ಎದುರಿಗೆ ಬಂದಳು. ಹೆಸರು ಸೋಮಕ್ಕ, ಆಗಿನ್ನೂ ಹೊಸ ಮದುವಣಗಿತ್ತಿ.

"ಕೂಗ್ಬೇಡಿ ಒಡೆಯಾ. ಗೂಟ ಕಿತ್ತದ್ದು ನಾನೇ. ನೀವು ಹಾಕಿದ್ದು ತಪ್ಪು. ಆಷಾಢದ ಭರತಿ ನೀರು ಇಲ್ಲಿಗೆ ಬತ್ತದೆ, ನಮ್ಮ ಅಂಗಳದ ಬುಡಕ್ಕೆ."

"ಅಲ್ಲವಾ, ಗೆರಿ ನಿಮ್ಮ ಮನಿ ಹಂತ್ಯಾಕ ಬಂದ್ರ ನಿಮಗ ತ್ರಾಸಲ್ಲೇನು?" ಎಂದು ಹಿರೇಮಠರು ಕೇಳಿದರು.

"ತ್ರಾಸು ಹೌದು. ಆದ್ರೆ ನೀರು ಅಲ್ಲಿಗೆ ಬತ್ತದಲ್ಲ? ಬರುದಿಲ್ಲ ಅಂತ ಹೆಂಗೆ ಹೇಳುದು?"

ಹಿರೇಮಠರು ಅವಳ ಗೂಟವನ್ನೇ ಇಟ್ಟುಕೊಂಡು ಅಳತೆ ಮಾಡಿದರು. ತನ್ನ ಮನೆಗೆ ಕೆಡುಕಾದರೂ ನಿಜ ಹೇಳಿದ ಆ ಹೆಣ್ಣುಮಗಳ ಮಾತಿಗೆ ಮುಂದೆ ನಮ್ಮ ಕಚೇರಿ ಯಾವ ಬೆಲೆ ಕೊಟ್ಟಿತು ಎಂಬುದನ್ನು ಹೇಳಲೆಂದೇ ಇಷ್ಟೆಲ್ಲ ಬರೆದದ್ದು.

ವರ್ಷಗಳು ಕಳೆದವು. ಹಿರೇಮಠರು ನಿವೃತ್ತರಾದರು, ಕೆಲ ಕಾಲಕ್ಕೆ ತೀರಿಯೂ ಹೋದರು. ದಂಡೆಯ ಗೆರೆಯಿಂದ ಇಷ್ಟು ದೂರದೊಳಗೆ ಕಟ್ಟಡ ಇರಕೂಡದು ಎಂದು ಸರ್ಕಾರ ನಿಯಮ ತಂದಿತು. ಅಲ್ಲಿಯವರೆಗೆ ಕಪಾಟಿನಲ್ಲಿ ಮಲಗಿದ್ದ ನಮ್ಮ ನಕ್ಷೆಯ ಶೀಟುಗಳಿಗೆ ಏಕಾಏಕಿ ಹಲ್ಲು ಬಂದವು. ಹೊಸ ವಿಮಾನ ಹಾರಿತು, ಹೊಸ ಫೋಟೋ ಬಂದವು, ವರ್ಷ ಮುಗಿಯುವುದರೊಳಗೆ ಎಲ್ಲ ಶೀಟು ಮುಗಿಯಬೇಕೆಂದು ಆಜ್ಞೆ ಬಂತು. ಆಗ ನಮ್ಮ ಮೇಲೆ ಬಂದಿದ್ದ ದೊಡ್ಡ ಸಾಹೇಬರು ಬೆಂಗಳೂರಿನ ಕಡೆಯವರು. ಇಸ್ತ್ರಿ ಮುರಿಯದ ಮನುಷ್ಯ. ನಾವು ದಂಡೆಗೆ ಹೊರಡಲು ಚೀಲ ಕಟ್ಟಿದ್ದೆವು. ಅವರು ಬಾಗಿಲಲ್ಲೇ ತಡೆದರು.

"ಫೋಟೋ ಇದೆಯಲ್ರೀ, ಅಷ್ಟು ದೂರ ಯಾಕೆ ಹೋಗ್ತೀರ? ಮರಳಲ್ಲಿ ಓಡಾಡೋಕಾ?"

"ಕಾಲಿಂದ ನೋಡದ ಗೆರಿ ಎಳೀಬಾರದ್ರಿ ಸಾಹೇಬ್ರ. ಹಿರೇಮಠ ಸಾಹೇಬ್ರು ಇದ್ದಾಗಿಂದ್ಲೂ..."

"ನೀವೇನ್ರೀ ಓದಿರೋದು?"

ಮುಗಿಯಿತು. ಆ ಪ್ರಶ್ನೆ ಬಂದ ಮೇಲೆ ಈ ದೇಶದಲ್ಲಿ ಮಾತು ಮುಂದುವರಿಯುವುದಿಲ್ಲ. ಚೀಲ ಬಿಚ್ಚಿದೆವು. ಆ ವರ್ಷ ಅಷ್ಟೂ ದಂಡೆಯನ್ನು ಫ್ಯಾನಿನ ಕೆಳಗೆ ಕುಳಿತು ಎಳೆದರು.

ಶೀಟು ಮೇಲಕ್ಕೆ ಹೋಗಿ, ಒಪ್ಪಿಗೆಯಾಗಿ, ಎರಡು ಮಳೆಗಾಲ ಕಳೆದಿರಬೇಕು. ಒಂದು ಮಧ್ಯಾಹ್ನ ಕಚೇರಿಯ ಜವಾನ ಬಂದು, "ದಾವಲಣ್ಣ, ಯಾರೋ ದಂಡೀಕಡೆ ಹೆಣಮಗಳು ಬಂದಾಳ. ಗೂಟ ಹೊಡಿಯೂ ಸಾಬ್ರು ಬೇಕಂತ" ಎಂದ. ಮೆಟ್ಟಿಲ ಮೇಲೆ ಸೋಮಕ್ಕ ಕುಳಿತಿದ್ದಳು. ಕೂದಲು ನರೆಯಲು ಶುರುವಾಗಿತ್ತು. ನಸುಕಿನಲ್ಲಿ ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ನೋಟಿಸು ಕೊಟ್ಟಳು.

"ನಮ್ಮ ಮನೆ ನೀರೊಳಗೆ ಅದೆ ಅಂತೆ ಒಡೆಯಾ. ಮನೆ ತೆಗೀಬೇಕಂತೆ. ನಾವು ನೀರೊಳಗೆ ಒಲೆ ಹೊತ್ತಿಸ್ಕಂಡು ಕೂತೀವಾ?"

"ಯಾರಂದ್ರವಾ?"

"ನಿಮ್ಮ ಆಫೀಸು ಅಂದದ್ದಂತೆ. ಮನೆ ಹಿಂದೆ ಉಪ್ಪುನೀರಿನ ಹಳ್ಳ ಅದೆ, ಹಳ್ಳಕ್ಕೂ ಸಮುದ್ರಕ್ಕೂ ನಡುವೆ ನಾವು ಮನೆ ಕಟ್ಕಂಡೀವಿ ಅಂತ. ಎಲ್ಲದೆ ಹಳ್ಳ? ತೋರ್ಸಿ ನಂಗೆ."

ಅವಳು ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಅಷ್ಟರಲ್ಲೇ ಒಳಗೆ ಓಡಿ ಶೀಟು ತೆಗೆದೆ. ನಿಜ, ಕೇರಿಯ ಹಿಂದೆ ಉದ್ದಕ್ಕೂ ನೀಲಿ ಪಟ್ಟಿ. ದಂಡೆಯ ಗೆರೆ ಆ ಪಟ್ಟಿಯ ಆಚೆ ದಡ ಹಿಡಿದು ಹೋಗಿತ್ತು. ಇಡೀ ಕೇರಿ ಸಮುದ್ರದ ಪಾಲಾಗಿತ್ತು. ಆ ಶೀಟು ಎಳೆದ ಇಂಜಿನಿಯರು ಬಳಸಿದ ಎರಡೂ ಫೋಟೋ ಹುಡುಕಿದೆ. ಅಂಚಿಗೆ ಪೆನ್ಸಿಲಿನಲ್ಲಿ "ಎಡ", "ಬಲ" ಎಂದು ಅವರೇ ಬರೆದಿದ್ದರು. ಬರೆದಂತೆಯೇ ಇಟ್ಟು ಮಸೂರಕ್ಕೆ ಕಣ್ಣು ಹಚ್ಚಿದೆ. ತೆಂಗಿನ ಮರಗಳು ನೆಲದೊಳಗೆ ಕೊರೆದ ತೂತುಗಳಂತೆ ಕೆಳಗೆ ಇಳಿದಿದ್ದವು. ಮನೆಯ ಮಾಡುಗಳು ತಗ್ಗಿಗೆ ಬಿದ್ದಿದ್ದವು. ಮರಳು ದಿಬ್ಬ ಉದ್ದನೆಯ ಹಳ್ಳವಾಗಿತ್ತು. ಎಡ ಬಲ ತಪ್ಪಿತ್ತು! ಅದಲು ಬದಲು ಮಾಡಿದೆ. ದಿಬ್ಬ ಎದ್ದು ನಿಂತಿತು, ಅದರ ಮೇಲೆ ತೆಂಗು ಎದ್ದು ನಿಂತವು.

ಇಂಜಿನಿಯರು ಹೊಸಬರು, ಅವಸರದಲ್ಲಿದ್ದರು, ತಪ್ಪಿದರು. ನಾನು ದೋಣಿಗೆ ಚುಚ್ಚಿದವನು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಶೀಟಿನ ಕೆಳಗೆ "ಸ್ಟೀರಿಯೋದಲ್ಲಿ ಪರಿಶೀಲಿಸಿದೆ" ಎಂದು ದೊಡ್ಡ ಸಾಹೇಬರ ಸಹಿ ಇತ್ತಲ್ಲ? ಅವರು ಏನು ನೋಡಿದ್ದರು?

ಹೋಗಿ ಹೇಳಿದೆ. ಅವರು ಮುಖ ಎತ್ತದೆ, "ಶೀಟ್ ಅಪ್ರೂವ್ ಆಗಿದೆ" ಎಂದರು.

"ಹಳ್ಳ ಇಲ್ಲರಿ ಅಲ್ಲಿ. ಅದು ದಿಬ್ಬ ಐತಿ. ನಾ ಅದರ ಮ್ಯಾಲ ಇಪ್ಪತ್ತು ದಿನ ಅಡ್ಡಾಡೇನಿ. ಒಂದ್ಸಲ ನೋಡ್ರಿ."

ಬಹಳ ಒತ್ತಾಯ ಮಾಡಿದ ಮೇಲೆ ಎದ್ದು ಬಂದರು. ಮೇಜಿನ ಸುತ್ತ ನಾಲ್ಕು ಜನ ಸೇರಿದ್ದರು. ಮೊದಲು ತಪ್ಪು ಜೋಡಣೆಯಲ್ಲೇ ತೋರಿಸಿದೆ.

"ಹಳ್ಳ ಇದೆಯಲ್ರೀ ಇಲ್ಲಿ."

ಫೋಟೋ ಅದಲು ಬದಲು ಮಾಡಿದೆ. "ಈಗ ನೋಡ್ರಿ ಸಾಹೇಬ್ರ."

"ಅದೇ ಹಳ್ಳ. ನಿಮ್ಮ ಕಣ್ಣು ತೋರಿಸ್ಕೊಳ್ಳಿ ಮೊದಲು."

ಕಪಾಟಿನಿಂದ ಎಡಗಡೆಯ ಫೋಟೋದ ಇನ್ನೊಂದು ಪ್ರತಿ ತಂದೆ. ಎರಡೂ ಕಣ್ಣಿಗೆ ಒಂದೇ ಫೋಟೋ ಇಟ್ಟೆ. ಹಾಗೆ ಇಟ್ಟರೆ ಏರೂ ಇಲ್ಲ, ಇಳಿವೂ ಇಲ್ಲ, ಬರೀ ಚಪ್ಪಟೆ ಕಾಗದ.

"ಈಗರಿ?"

ಅವರು ಬಹಳ ಹೊತ್ತು ಬಗ್ಗಿ ನೋಡಿದರು. "ಈಗ ಇನ್ನೂ ಸ್ಪಷ್ಟವಾಗಿದೆ. ಆಳವಾದ ಹಳ್ಳ."

"ಸಾಹೇಬ್ರ, ಇವೆರಡೂ ಒಂದೇ ಫೋಟೋ ಅದಾವರಿ. ಇದರಾಗ ಯಾರಿಗೂ ಆಳ ಕಾಣಂಗಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಕಿವಿ ಕೆಂಪಾದವು. ಕಾಣದಿರುವುದು ಪಾಪವಲ್ಲ, ಹಿರೇಮಠರು ಹೇಳಿದ್ದು ನನಗೆ ನೆನಪಿದೆ. ಆದರೆ ಕಾಣದೆಯೇ ನೋಡಿದೆ ಎಂದು ಸಹಿ ಮಾಡಿ, ಆ ಸಹಿಯಿಂದ ಒಂದು ಕೇರಿಯ ಒಲೆಗಳನ್ನು ನೀರಿಗೆ ಹಾಕಿದ ಮನುಷ್ಯನಿಗೆ ಕನಿಷ್ಠ ಕೆಳಗೆ ಇಳಿದು ಹೋಗಿ ಮೆಟ್ಟಿಲ ಮೇಲೆ ಕುಳಿತವಳ ಮುಖ ನೋಡುವ ಧೈರ್ಯ ಬೇಡವೇ? ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ತಿದ್ದುಪಡಿ ಆಗಲಿಲ್ಲ. ನನಗೆ ಮಾತ್ರ ಹದಿನೈದು ದಿನದಲ್ಲಿ ಆದೇಶ ಬಂತು: ದಾಖಲೆ ಕೋಣೆಗೆ. ಮತ್ತೆ ದಂಡೆ ಇಲ್ಲ, ಮಸೂರ ಇಲ್ಲ. ಡಬ್ಬಿಗಳ ಧೂಳು ಹೊಡೆಯುವುದು.

ಕೇರಿಯ ಪುಣ್ಯಕ್ಕೆ ತಾಲೂಕು ಕಚೇರಿಯವರು ಮನೆ ತೆಗೆಸಲು ಹೋದಾಗ, ಹಳ್ಳ ಎಲ್ಲಿ ಎಂದು ಹುಡುಕಿ ಸಿಗದೆ, ತಲೆ ಕೆರೆದುಕೊಂಡು ಹಿಂದಿರುಗಿದರಂತೆ. ಫೈಲು ಮಲಗಿತು. ಮಲಗಿತು ಎಂದೆ, ಸತ್ತಿತು ಎನ್ನಲಿಲ್ಲ. ನಾನು ಗೆದ್ದೆ ಎಂದುಕೊಂಡು ಸುಮ್ಮನಾದೆ. ಅದು ನನ್ನ ದಡ್ಡತನ. ಆದರೂ ಒಂದು ಕೆಲಸ ಮಾಡಿದ್ದೆ. ಆ ಎರಡೂ ಫೋಟೋಗಳ ಬೆನ್ನಿಗೆ "ಎಡ ಬಲ ತಪ್ಪಿದೆ. ಇದು ದಿಬ್ಬ, ಹಳ್ಳ ಅಲ್ಲ. ಕಾಲಿಂದ ನೋಡಿದ್ದೇನೆ" ಎಂದು ಬರೆದು ಹೆಸರು ಹಾಕಿದ್ದೆ.

ಆಮೇಲೆ ಕಂಪ್ಯೂಟರು ಬಂದವು. ಹಳೇ ಶೀಟುಗಳನ್ನೆಲ್ಲ ಅದರೊಳಗೆ ಏರಿಸಿದರು. ಏರಿಸಲು ಬಂದ ಗುತ್ತಿಗೆಯವರಿಗೆ ಆ ನೀಲಿ ಪಟ್ಟಿ ತೋರಿಸಿ ಹೇಳಿದೆ. "ಕಾಕಾ, ಶೀಟಿನ್ಯಾಗ ಇದ್ದದ್ದನ್ನ ಇದ್ದಂಗ ಏರಸಂತ ಹೇಳ್ಯಾರ್ರಿ. ತಿದ್ದಿದ್ರ ನಮ್ಮ ಕೆಲಸ ಹೋಕೈತಿ" ಎಂದರು. ಇಲ್ಲದ ಹಳ್ಳ ಕಂಪ್ಯೂಟರಿನೊಳಗೂ ಹರಿಯಿತು. ನಾನು ನಿವೃತ್ತನಾಗಿ ನವನಗರದಲ್ಲಿ ಮಗಳ ಮನೆಯ ಹತ್ತಿರ ಸಣ್ಣ ಮನೆ ಮಾಡಿಕೊಂಡೆ.

ಹೋದ ವರ್ಷ ಒಂದು ಭಾನುವಾರ ಸ್ಕೂಟಿಯ ಮೇಲೆ ಒಬ್ಬ ಹುಡುಗಿ ಬಂದಳು. ಸವಿತಾ ಎಂದು ಹೆಸರು, ಧಾರವಾಡದವಳು, ನಮ್ಮ ಕಚೇರಿಗೆ ಹೊಸದಾಗಿ ಬಂದ ಇಂಜಿನಿಯರು. ಚೀಲದಿಂದ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದಳು. ಫೋಟೋದ ಬೆನ್ನು, ನನ್ನ ಅಕ್ಷರ.

"ಈ ದಾವಲಸಾಬ ಅಂದ್ರ ನೀವ ಏನ್ರಿ ಕಾಕಾ? ನಿಮ್ಮನ್ನ ಹುಡುಕಾಕ ನಾಕು ದಿನಾ ಹಿಡೀತ್ರಿ."

"ನಾನವಾ. ಏನಾತು?"

ಈಗ ಡ್ರೋನ್ ಹಾರಿಸಿ ದಂಡೆ ಅಳೆಯುತ್ತಾರೆ. ಹಳೇ ನಕ್ಷೆ ಮತ್ತು ಹೊಸ ಚಿತ್ರ ಎರಡನ್ನೂ ಕಂಪ್ಯೂಟರು ಒಂದರ ಮೇಲೊಂದು ಇಟ್ಟು, ಏನು ಬದಲಾಗಿದೆ ಎಂದು ತಾನೇ ಪಟ್ಟಿ ಮಾಡುತ್ತದೆ. ಹಳೇ ನಕ್ಷೆಯಲ್ಲಿ ಹಳ್ಳ ಇತ್ತು. ಹೊಸ ಚಿತ್ರದಲ್ಲಿ ಅಲ್ಲಿ ನೆಲ ಇದೆ. ಹಾಗಾದರೆ? ಕಂಪ್ಯೂಟರು ಬರೆದಿತ್ತು: ಹಳ್ಳ ಮುಚ್ಚಲಾಗಿದೆ. ಅದರ ಮೇಲೆ ಮೇಲಿನವರು ಬರೆದಿದ್ದರು: ನಿವಾಸಿಗಳಿಂದ ಅತಿಕ್ರಮಣ. ಸೋಮಕ್ಕನ ಕೇರಿಗೆ ಮತ್ತೆ ನೋಟಿಸು ಹೋಗಿತ್ತು, ಈ ಸಲ ಮನೆ ತೆಗೆಯುವುದಷ್ಟೇ ಅಲ್ಲ, ಅಪರಾಧದ ಕೇಸು ಕೂಡ.

ಇಷ್ಟು ವರ್ಷದಲ್ಲಿ ನನಗೆ ಅಂಥ ಸಿಟ್ಟು ಬಂದಿರಲಿಲ್ಲ. ಮೊದಲು ಅವರ ನೆಲವನ್ನು ನೀರು ಮಾಡಿದೆವು. ಈಗ ಆ ನೀರನ್ನು ಅವರು ಕದ್ದರು ಎನ್ನುತ್ತಿದ್ದೇವೆ! ಸುಳ್ಳಿಗೆ ವಯಸ್ಸಾದರೆ ಅದಕ್ಕೂ ಸರ್ಕಾರ ಪಿಂಚಣಿ ಕೊಡುತ್ತದೇನು?

"ನೀ ದಂಡಿಗೆ ಹೋಗಿದ್ದೇನವಾ?" ಎಂದು ಕೇಳಿದೆ.

"ಇಲ್ರಿ. ಹೋಗೂದು ಬ್ಯಾಡ, ಇಲ್ಲೇ ಕುಂತು ವರದಿಗೆ ಸಹಿ ಮಾಡು ಅಂದಾರ್ರಿ."

"ನಡಿ, ಹೋಗೋಣು."

ಮರುವಾರ ರಜೆ ಹಾಕಿ ಬಂದಳು. ನಾವು ಮುಟ್ಟಿದಾಗ ಬಿಸಿಲು ಏರಿತ್ತು. ಸೋಮಕ್ಕ ಅಂಗಳದಲ್ಲಿ ಮೀನು ಹರಡುತ್ತಿದ್ದಳು. ಈಗ ಬೆನ್ನು ಬಾಗಿದ ಮುದುಕಿ. ನನ್ನನ್ನು ಗುರುತಿಸಿದಳು, ಆದರೆ ನಗಲಿಲ್ಲ.

"ಬಂದ್ರಾ ಒಡೆಯಾ? ನಾವು ಹಳ್ಳ ಮುಚ್ಚಿದ್ದು ನೋಡುಕೆ? ಎಷ್ಟು ಮಣ್ಣು ಬೇಕು ಅಷ್ಟು ದೊಡ್ಡ ಹಳ್ಳಕ್ಕೆ? ಎಲ್ಲಾ ನಾನೇ ಬುಟ್ಟೀಲಿ ಹೊತ್ತು ಹಾಕಿದ್ದು ಅಂತ ಬರ್ಕಳಿ."

ಸವಿತಾ ಟ್ಯಾಬ್ ಹಿಡಿದು ಮನೆಗಳ ಹಿಂದಿನ ದಿಬ್ಬ ಹತ್ತಿದಳು. ಪರದೆಯ ಮೇಲೆ ನೀಲಿ ಪಟ್ಟಿ, ಅದರ ನಡುವೆ ಅವಳು ನಿಂತ ಜಾಗದ ಚುಕ್ಕೆ.

"ಕಾಕಾ, ಇದರ ಪ್ರಕಾರ ನಾ ಈಗ ನೀರಾಗ ಮುಳಗೇನ್ರಿ."

"ಈಜ ಬರತೈತೇನು?"

ಅವಳು ನಗುತ್ತ ಇನ್ನೂ ನಾಲ್ಕು ಹೆಜ್ಜೆ ಇಳಿದು ನಿಂತುಬಿಟ್ಟಳು. ದಿಬ್ಬದ ಮಗ್ಗುಲಲ್ಲಿ ಕೆಂಪುಕಲ್ಲು ಕಟ್ಟಿದ ಬಾವಿ. ಕಟ್ಟೆಯ ಕಲ್ಲು ಹಗ್ಗ ಉಜ್ಜಿ ಉಜ್ಜಿ ಸವೆದು ಬೆರಳು ಹೂಳುವಷ್ಟು ತಗ್ಗು ಬಿದ್ದಿತ್ತು. ಟ್ಯಾಬಿನಲ್ಲಿ ನೋಡಿದಳು. ನೀಲಿ ಪಟ್ಟಿಯ ನಟ್ಟನಡುವೆ.

ಸೋಮಕ್ಕ ಹಿಂದೆಯೇ ಬಂದಿದ್ದಳು. ಕೊಡ ಬಿಟ್ಟು ನೀರು ಸೇದಿ ಸವಿತಾಳ ಬೊಗಸೆಗೆ ಸುರಿದಳು. ಹುಡುಗಿ ಕುಡಿದಳು, ಮತ್ತೊಮ್ಮೆ ಬೊಗಸೆ ಒಡ್ಡಿದಳು.

"ಸಿಹಿ ಐತ್ರಿ ಕಾಕಾ. ಉಪ್ಪುನೀರಿನ ಹಳ್ಳ ಮುಚ್ಚಿದ ಜಾಗಾದಾಗ ಇಂಥಾ ನೀರು ಹೆಂಗ ಬರತೈತ್ರಿ?" ಆಮೇಲೆ ಪರದೆ ನೋಡಿ, "ಆದ್ರ ಬಾವಿ ನಕಾಶ್ಯಾಗ ಇಲ್ರಿ" ಎಂದಳು.

ಸೋಮಕ್ಕ ನನ್ನ ಕಡೆ ತಿರುಗಿದಳು. "ನಮ್ಮ ಅತ್ತೆಯ ಅತ್ತೆ ಇದೇ ಬಾವಿ ನೀರು ಸೇದ್ತಿದ್ರು. ನೀವೂ ಕುಡ್ದೀರಲ್ಲ ಒಡೆಯಾ, ಇಪ್ಪತ್ತು ದಿವ್ಸ? ಅವತ್ತು ಹುಬ್ಬಳ್ಳಿ ಮೆಟ್ಲ ಮೇಲೆ ಅದೇ ಹೇಳಿದ್ದೆ. ಹಿಂದೆ ಉಪ್ಪಿನ ಹಳ್ಳ ಇದ್ರೆ ನಾವು ಬಾವಿಲಿ ಎಂತ ಕುಡ್ಯುದು ಅಂತ. ನೀವು ಕೇಳ್ಲಿಲ್ಲ. ಫೋಟೋ ಹುಡುಕುಕೆ ಒಳಗೆ ಓಡಿದ್ರಿ."

ನಾನು ಇಷ್ಟು ಹೊತ್ತು ಇನ್ನೊಬ್ಬರ ಮೇಲೆ ಸಿಟ್ಟು ಮಾಡಿದ್ದೆಲ್ಲ ಸರಿಯೇ, ಒಂದು ಮಾತನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅವಳು ಹೇಳಿದ್ದೂ ಸತ್ಯ. ಅವತ್ತು ಸಾಹೇಬರ ಮೇಜಿನ ಮುಂದೆ ಒಂದು ಫೋಟೋವನ್ನು ಇನ್ನೊಂದು ಫೋಟೋದಿಂದ ಸೋಲಿಸುವ ಹುರುಪಿನಲ್ಲಿದ್ದೆ. ಆ ಬಾವಿಯ ನೀರು ನನ್ನ ಹೊಟ್ಟೆಯಲ್ಲೇ ಇತ್ತು. ಒಂದು ಸಲವೂ ಬಾಯಿಗೆ ಬರಲಿಲ್ಲ. ಬಂದಿದ್ದರೆ, ಒಂದು ಅರ್ಜಿಯಲ್ಲಿ ಬರೆದು ಕೊಟ್ಟಿದ್ದರೆ, ಈ ಮುದುಕಿ ಇಷ್ಟು ವರ್ಷ ನೋಟಿಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಲಗಬೇಕಾಗುತ್ತಿರಲಿಲ್ಲ.

ಸವಿತಾ ಅತಿಕ್ರಮಣದ ವರದಿಗೆ ಸಹಿ ಹಾಕಲಿಲ್ಲ. ಹಳ್ಳ ಎಂದೂ ಇರಲಿಲ್ಲ, ಹಿಂದಿನ ನಕ್ಷೆ ತಪ್ಪು ಎಂದು ಬರೆದು ಕಳಿಸಿದಳು. ಎರಡನೇ ವಾರಕ್ಕೆ ಫೋನ್ ಮಾಡಿದಳು.

"ಕಾಕಾ, ನನ್ನ ಕಡೆಯಿಂದ ವಿವರಣೆ ಕೇಳ್ಯಾರ್ರಿ. ಒಪ್ಪಿಗಿ ಆದ ನಕಾಶಿ ತಪ್ಪಂತ ಯಾವ ಆಧಾರದ ಮ್ಯಾಲ ಬರದಿ ಅಂತ. ಏನ್ ಬರೀಲ್ರಿ?"

"ನೀರು ಕುಡದೆ, ಸಿಹಿ ಇತ್ತು ಅಂತ ಬರಿ."

"ಅಷ್ಟ ಬರದ್ರ ಸಾಕೇನ್ರಿ?"

"ಸಾಲದಿದ್ರ ಅವರನ್ನ ಕರಕೊಂಡು ಹೋಗಿ ಒಂದು ಕೊಡ ಸೇದಸವಾ."

ಬರೆದಳು. ಸಾಕ್ಷಿ ಎಂದು ಕೆಳಗೆ ನನ್ನ ಸಹಿಯೂ ಇದೆ, ವಿದ್ಯಾರ್ಹತೆಯ ಸಮೇತ. ನೋಟಿಸನ್ನು ಸದ್ಯಕ್ಕೆ ತಡೆದಿದ್ದಾರೆ, ರದ್ದು ಮಾಡಿಲ್ಲ. ನಕ್ಷೆಯಿಂದ ಹಳ್ಳ ತೆಗೆಯಲು ಮೇಲಿನವರ ಒಪ್ಪಿಗೆ ಬೇಕು, ಅದು ಬಂದಿಲ್ಲ. ಆದರೆ ಬಿಟ್ಟುಹೋದ ಬಾವಿ ಸೇರಿಸಲು ಜಾಗಕ್ಕೆ ಹೋಗಿ ನೋಡಿದವರ ಸಹಿಯೇ ಸಾಕು. ಸವಿತಾ ಸೇರಿಸಿದ್ದಾಳೆ. ಹಾಗಾಗಿ ಇವತ್ತು ಸರ್ಕಾರಿ ನಕ್ಷೆಯಲ್ಲಿ ಉಪ್ಪುನೀರಿನ ಹಳ್ಳದ ನಡುವೆ ಒಂದು ಕುಡಿಯುವ ನೀರಿನ ಬಾವಿ ಇದೆ.

ಆ ಶೀಟು ಒಂದು ದಿನ ನಿಮ್ಮಲ್ಲೊಬ್ಬರ ಮೇಜಿಗೆ ಬರುತ್ತದೆ. ಎರಡೂ ಇರಲು ಸಾಧ್ಯವಿಲ್ಲ, ಒಂದನ್ನು ಅಳಿಸಿ ಎಂದು ಹೇಳುತ್ತಾರೆ. ಅಳಿಸುವ ಮೊದಲು ಸೋಮಕ್ಕನ ಮನೆಗೆ ಹೋಗಿ ನೀರು ಕೇಳಿರಿ.